ಕೊನೆಯ ಹೆಸರಿಗೆ ಬದಲಿ

ಕಳೆದ ತಿಂಗಳು ಬೊಂಬಾಯಿಯ ಸಾಂತಾಕ್ರೂಜ್‌ನ ಒಂದು ಆಸ್ಪತ್ರೆಗೆ ಹೋಗಿದ್ದೆ. ಗೆಳತಿಯೊಬ್ಬಳಿಗೆ ಮಂಡಿಯ ಆಪರೇಷನ್ ಆಗಿತ್ತು. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಹೊರಗೆ ಬಿಡಬೇಕೆಂದು ಮೂರು ಭಾಷೆಗಳಲ್ಲಿ ಬರೆದಿದ್ದರು. ಹೊರಗೆ ಜಡಿಮಳೆ. ಗೋಡೆಯ ಬದಿಗೆ ರಾಶಿ ಬಿದ್ದಿದ್ದ ಒದ್ದೆ ಚಪ್ಪಲಿಗಳ ವಾಸನೆ, ಬಾಗಿಲು ತೆರೆದಾಗ ಒಳಗಿನಿಂದ ಬಂದ ಏಸಿಯ ತಣ್ಣನೆ ಗಾಳಿ, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿಯೇ ನಿಂತುಬಿಟ್ಟೆ. ಹಿಂದಿದ್ದವರು "ಆಂಟಿ, ಚಲೋ ನಾ" ಎಂದು ಅವಸರಪಡಿಸಿದರು. ಅವರಿಗೇನು ಗೊತ್ತು, ಆಂಟಿ ಎಂಬತ್ತೊಂಬತ್ತರ ಮಳೆಗಾಲಕ್ಕೆ ಹೋಗಿ ಸಿಕ್ಕಿಕೊಂಡಿದ್ದಾಳೆಂದು.

ಆಗ ನನಗೆ ಇಪ್ಪತ್ತೈದು. ಮೈಸೂರಿನವಳು. ಕೆಲಸ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ. ಜೂನ್ ಮೊದಲ ವಾರ ನನ್ನನ್ನು ಬೊಂಬಾಯಿಯ ಅಂಧೇರಿ ಕಚೇರಿಗೆ ಮೂರು ತಿಂಗಳ ಮಟ್ಟಿಗೆ ಕಳಿಸಿದರು. ಅಲ್ಲೊಂದು ದೊಡ್ಡ ಆಸ್ಪತ್ರೆಗಾಗಿ ನಮ್ಮವರು ಹಿಂದೆಯೇ ಬರೆದುಕೊಟ್ಟ ಪ್ರೋಗ್ರಾಂ ಇತ್ತು. ಯಾವ ನರ್ಸಿಗೆ ಯಾವ ಪಾಳಿ, ಯಾರು ರಜೆ ಹಾಕಿದರೆ ಯಾರು ಬದಲಿ, ಇದನ್ನೆಲ್ಲ ಅದು ಲೆಕ್ಕ ಹಾಕಿ ಪಟ್ಟಿ ಮುದ್ರಿಸುತ್ತಿತ್ತು. ಆಸ್ಪತ್ರೆಗೆ ಹೊಸ ಕಂಪ್ಯೂಟರ್ ಬರುವುದಿತ್ತು. ಅದಕ್ಕೆ ಕೋಬಾಲ್ ಭಾಷೆಯ ಹೊಸ ಆವೃತ್ತಿ ಮಾತ್ರ ಅರ್ಥವಾಗುತ್ತಿತ್ತು, ನಮ್ಮದೆಲ್ಲ ಹಳೆಯದರಲ್ಲಿತ್ತು. ಮುಖ್ಯ ಪ್ರೋಗ್ರಾಮನ್ನು ಇಬ್ಬರು ಹಿರಿಯರು ಆಗಲೇ ಹೊಸದಕ್ಕೆ ದಾಟಿಸಿ ಬೇರೆ ಊರಿಗೆ ಹೋಗಿದ್ದರು. ನನ್ನ ಪಾಲಿಗೆ ಬಂದದ್ದು ಟೆಸ್ಟುಗಳು.

ಟೆಸ್ಟು ಅಂದರೆ ಮುಖ್ಯ ಪ್ರೋಗ್ರಾಮಿನ ಪರೀಕ್ಷೆ ಮಾಡುವ ಸಣ್ಣ ಪ್ರೋಗ್ರಾಂ. ಇನ್ನೂರಕ್ಕೂ ಹೆಚ್ಚು ಇದ್ದವು. ಒಂದೊಂದರ ಜೊತೆ ಒಂದು ಪ್ರಶ್ನೆಯ ಫೈಲು, ಒಂದು ಉತ್ತರದ ಫೈಲು. ಒಂದು ಸಲ ಓಡಿಸಿದರೆ ತಾವಾಗಿಯೇ ಒಂದರ ಹಿಂದೊಂದು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಫೈಲಿನ ಉತ್ತರದ ಜೊತೆ ಹೋಲಿಸಿ, ತಾಳೆಯಾದರೆ ಸುಮ್ಮನೆ ಮುಂದೆ ಹೋಗುತ್ತಿದ್ದವು, ಇಲ್ಲದಿದ್ದರೆ ಕಾಗದದ ಮೇಲೆ ಒಂದು ನಕ್ಷತ್ರ ಒತ್ತುತ್ತಿದ್ದವು. ಇವುಗಳನ್ನೆಲ್ಲ ಹೊಸ ಭಾಷೆಗೆ ತಿದ್ದಿ, ನಕ್ಷತ್ರ ಒಂದೂ ಉಳಿಯದಂತೆ ಮಾಡುವುದು ನನ್ನ ಕೆಲಸ.

ಅಂಧೇರಿಯ ಮುಖ್ಯಸ್ಥರು ದೇಶಪಾಂಡೆ ಸರ್. ಹುಬ್ಬಳ್ಳಿಯವರು, ಇಪ್ಪತ್ತು ವರ್ಷದಿಂದ ಬೊಂಬಾಯಿಯಲ್ಲಿದ್ದರೂ ಮಾತು ಹುಬ್ಬಳ್ಳಿಯದೇ. ಮೊದಲ ದಿನವೇ ಹೇಳಿದರು: "ನೋಡವಾ ವತ್ಸಲಾ, ಸ್ಟಾರ್ ಎಲ್ಲಾ ಹೋದ ದಿನಾ ನೀ ನಿಮ್ಮೂರ ಗಾಡಿ ಹತ್ತು. ಒಂದ ದಿನಾ ಮೊದಲಿಲ್ಲ, ಒಂದ ದಿನಾ ತಡಾ ಇಲ್ಲ. ನಿನ್ನ ಜಾಗಾಕ್ಕ ಕಳಸಾಕ ನನ್ನ ಕಡೆ ಬ್ಯಾರೆ ಯಾರೂ ಇಲ್ಲ."

ನನಗೆ ಊರಿಗೆ ಹೋಗಲು ಕಾರಣವಿತ್ತು. ನನ್ನ ಅಕ್ಕ ಸುಧಾ ಚೊಚ್ಚಲ ಬಸುರಿ. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಡಾಕ್ಟರು ಹೇಳಿದ ದಿನ ಗೌರಿ ಹಬ್ಬದ ಆಸುಪಾಸಿಗೆ ಬರುತ್ತಿತ್ತು. "ನೀನು ಇಲ್ಲದಿದ್ದರೆ ನನ್ನ ಕೈ ಹಿಡಿದುಕೊಳ್ಳುವವರು ಯಾರೇ?" ಎಂದು ಅಕ್ಕ ಪ್ರತಿ ಕಾಗದದಲ್ಲೂ ಬರೆಯುತ್ತಿದ್ದಳು. ಗೌರಿ ಹಬ್ಬದೊಳಗೆ ಆ ನಕ್ಷತ್ರಗಳನ್ನು ಅಳಿಸಲೇಬೇಕೆಂದು ಹಟ ಹಿಡಿದೆ.

ಇರಲು ಜಾಗ ಕೊಟ್ಟದ್ದು ಆಸ್ಪತ್ರೆಯವರೇ. ವಡಾಲದಲ್ಲಿ ಅವರ ನರ್ಸುಗಳ ಹಾಸ್ಟೆಲ್ ಇತ್ತು, ಅದರಲ್ಲಿ ಒಂದು ಮಂಚ ಖಾಲಿ ಇತ್ತು. ಕೋಣೆಯಲ್ಲಿ ಇನ್ನೊಬ್ಬಳು ಐರಿನ್, ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹುಡುಗಿ. ಎಲ್ಲರಿಗಿಂತ ಕಡೆಗೆ ಸೇರಿದವಳಾದ್ದರಿಂದ ತಿಂಗಳುಗಟ್ಟಲೆ ರಾತ್ರಿ ಪಾಳಿ ಅವಳ ತಲೆಗೇ ಕಟ್ಟಿದ್ದರು. ನಾನು ಬೆಳಿಗ್ಗೆ ಏಳೂಕಾಲಿಗೆ ಹೊರಟರೆ ಅವಳು ಎಂಟಕ್ಕೆ ಬರುವಳು. ನಾನು ಸಂಜೆ ಬರುವಷ್ಟರಲ್ಲಿ ಅವಳು ಹೋಗಿರುವಳು. ಮೊದಲ ಹತ್ತು ದಿನ ಅವಳ ಮುಖವನ್ನೇ ನೋಡಿರಲಿಲ್ಲ. ಹಗ್ಗದ ಮೇಲೆ ಒಣಗದ ಬಿಳಿ ಯೂನಿಫಾರ್ಮ್, ಕಿಟಕಿಯಲ್ಲಿ ಒಂದು ಸಣ್ಣ ಶಿಲುಬೆ, ತಲೆಗೆ ಹಾಕುವ ಎಣ್ಣೆಯ ವಾಸನೆ, ಇವಿಷ್ಟೇ ಐರಿನ್.

ಹೀಗೆ ಒಂಟಿಯಾಗಿರುವುದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮೈಸೂರಿನ ಬೀದಿಯಲ್ಲಿ ಒಂದು ಸೀನು ಸೀನಿದರೆ ಮೂರು ಮನೆಯವರು ಕಷಾಯ ಹೇಳಿಕೊಡುತ್ತಿದ್ದರು. ಇಲ್ಲಿ ಲೋಕಲ್‌ನಲ್ಲಿ ಅಷ್ಟು ಹೆಂಗಸರು ಮೈಗೆ ಮೈ ಒತ್ತಿ ನಿಂತಿದ್ದರೂ ಬಾಂದ್ರಾದಲ್ಲಿ ಗಾಡಿ ಬದಲಿಸಿ ಅಂಧೇರಿಗೆ ಹೋಗುವ ತನಕ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಕಚೇರಿಯಲ್ಲಿ ಕಂಪ್ಯೂಟರ್ ಕೋಣೆಗೆ ಧೂಳು ಹೋಗಬಾರದೆಂದು ಚಪ್ಪಲಿ ಹೊರಗೆ ಬಿಡಬೇಕು. ಮಳೆಯಲ್ಲಿ ನೆನೆದ ಚಪ್ಪಲಿ ಬಿಟ್ಟು, ಒದ್ದೆ ಪಾದದಲ್ಲಿ ಆ ಕೊರೆಯುವ ಏಸಿಯೊಳಗೆ ಹೋಗಿ ಕುಳಿತರೆ ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ನನ್ನವೇ ಎಂಬುದು ಮರೆತುಹೋಗುತ್ತಿತ್ತು. ಅಲ್ಲಿ ಮಾತನಾಡುವುದು ಪ್ರಿಂಟರ್ ಒಂದೇ. ಅದರದ್ದು ಯಾವಾಗಲೂ ದೂರು.

ಒಂದು ಸಂಜೆ ಮೇಜಿನ ಮೇಲೆ ಒಂದು ಜೊತೆ ಬಿಳಿ ಕಾಲುಚೀಲ, ಅದರ ಕೆಳಗೆ ಒಂದು ಚೀಟಿ. ನಾನು ಬಿಸಾಡಿದ್ದ ಪ್ರಿಂಟರ್ ಕಾಗದವನ್ನೇ ಹರಿದು ಕನ್ನಡದಲ್ಲಿ ಬರೆದಿದ್ದಳು: "ನಿನಗೆ ಶೀತ ಆಗಿದೆ ಅಂತ ಕಾಣ್ತದೆ. ನಿದ್ದೆಯಲ್ಲಿ ಕೆಮ್ಮುದು ಪಕ್ಕದ ಕೋಣೆಯವರಿಗೆ ಕೇಳ್ತದಂತೆ. ಇದನ್ನು ಹಾಕು. ಐರಿನ್." ನಾನು ಆ ಚೀಟಿಯ ಹಿಂಬದಿಗೆ "ತುಂಬಾ ಥ್ಯಾಂಕ್ಸ್. ಕಾಲುಚೀಲ ದೊಡ್ಡದು, ಮನಸ್ಸಿನ ಹಾಗೆ" ಎಂದು ಬರೆದಿಟ್ಟೆ. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಅವಳು ಬರೆದರೆ ನಾನು ಅದರ ಬೆನ್ನಿಗೆ ಉತ್ತರ ಬರೆಯುವುದು, ನಾನು ಬರೆದರೆ ಅವಳು. ಹೊಸ ಕಾಗದ ತೆಗೆದುಕೊಳ್ಳುತ್ತಿರಲಿಲ್ಲ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ವಾರ್ಡನ್‌ಗೆ ಯಾಕೆ ಸಿಟ್ಟು, ಯಾವ ಹೋಟೆಲಿನ ಸಾಂಬಾರು ನೀರು, ಹೀಗೆ ಎಲ್ಲವೂ ಆ ಚೀಟಿಗಳಲ್ಲಿ. ಸಂಜೆ ಬೀಗ ತೆಗೆಯುವಾಗ ಮೇಜಿನ ಕಡೆಗೇ ನನ್ನ ಕಣ್ಣು ಮೊದಲು ಹೋಗುತ್ತಿತ್ತು.

ಜುಲೈಯ ಒಂದು ಭಾನುವಾರ ಅವಳಿಗೆ ಬಿಡುವು ಸಿಕ್ಕಿತು. ಇಬ್ಬರೂ ಮಾಟುಂಗಾದವರೆಗೆ ಒಂದೇ ಕೊಡೆಯಲ್ಲಿ ನಡೆದು ಹೋಗಿ ಉಡುಪಿ ಹೋಟೆಲಿನಲ್ಲಿ ಕುಳಿತೆವು. ಕುಳ್ಳಗೆ, ದುಂಡುಮುಖ, ಕಣ್ಣಿನ ಕೆಳಗೆ ನಿದ್ದೆಗೇಡಿನ ಕಪ್ಪು. ನಾನು ಇಡ್ಲಿ ಹೇಳಿದ್ದಕ್ಕೆ ಬೈದಳು.

"ಎಂತ ಮಾರಾಯ್ತಿ, ಹುಷಾರಿಲ್ಲದವರ ಹಾಗೆ ಇಡ್ಲಿ? ಬನ್ಸ್ ತಿನ್ನು. ನಮ್ಮ ಊರಿನ ಭಟ್ರು ಮಾಡುದು."

ಬನ್ಸ್ ತಿನ್ನುತ್ತಾ ಊರಿನ ಮಾತು ತೆಗೆದಳು. ಅವಳನ್ನು ಸಾಕಿದ್ದು ಅಜ್ಜಿ. ಅಜ್ಜಿಗೆ ಈಗ ಎರಡೂ ಕಣ್ಣು ಕಾಣಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಅವರ ಕಡೆ ಮೊಂತಿ ಹಬ್ಬ, ಹೊಸ ತೆನೆಯ ಹಬ್ಬ.

"ಆ ದಿನ ಮನೆಯವರೆಲ್ಲ ಒಟ್ಟಿಗೆ ಕೂತು ಹೊಸ ಅಕ್ಕಿ ಉಣ್ಬೇಕು. ಬರ್ಲಿಕ್ಕೆ ಆಗದವರಿಗೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ತೆನೆಯ ನಾಲ್ಕು ಕಾಳು ಕವರಿನಲ್ಲಿ ಹಾಕಿ ಕಳಿಸ್ತಾರೆ. ಹೋದ ವರ್ಷ ನಂಗೆ ಕವರೇ ಬಂದದ್ದು. ಅಜ್ಜಿ ಮುಟ್ಟಿ ಮುಟ್ಟಿ ಆರಿಸಿದ ಕಾಳು. ತಿನ್ಲಿಕ್ಕೇ ಆಗ್ಲಿಲ್ಲ, ಕಣ್ಣೀರು ಹಾಕಿ ಕೂಗಿದೆ. ಈ ಸಲ ಕವರು ಬೇಡ ಅಂತ ಬರ್ದಿದ್ದೇನೆ. ನಾನೇ ಹೋಗ್ತೇನೆ. ಅಜ್ಜಿಗೆ ನನ್ನ ಮುಖ ಮುಟ್ಟಿ ನೋಡ್ಬೇಕಂತೆ."

ಆ ವರ್ಷ ಗೌರಿಯೂ ಮೊಂತಿಯೂ ಒಂದೇ ವಾರಕ್ಕೆ ಬಿದ್ದಿದ್ದವು. "ಹಾಗಾದರೆ ಇಬ್ಬರೂ ಒಟ್ಟಿಗೆ ಬೊಂಬಾಯಿಗೆ ಟಾಟಾ ಮಾಡೋಣ" ಎಂದೆ. ಅವಳು ಚಪ್ಪಾಳೆ ತಟ್ಟಿದಳು. ಇಡೀ ಮಳೆಗಾಲದಲ್ಲಿ ನಾನು ಮನಸಾರೆ ನಕ್ಕದ್ದು ಆ ಒಂದು ದಿನ.

ಆಗಸ್ಟ್ ಬರುವಷ್ಟರಲ್ಲಿ ನಕ್ಷತ್ರಗಳು ಇನ್ನೂರರಿಂದ ನಲವತ್ತಾಗಿ, ನಲವತ್ತರಿಂದ ಆರಾಗಿ, ಕೊನೆಗೆ ಒಂದಕ್ಕೆ ಬಂದು ನಿಂತವು. ಆ ಒಂದು ಟೆಸ್ಟು ನನ್ನ ಜೀವ ಹಿಂಡಿತು.

ಅದನ್ನು ಬರೆದವರು ಯಾರೆಂದು ನನಗೆ ಗೊತ್ತಿಲ್ಲ. ನಾನು ಬರುವುದಕ್ಕೆ ಮುಂಚೆಯೇ ಕೆಲಸ ಬಿಟ್ಟು ಹೋದವರು. ನಾಲ್ಕು ಕಾಲ್ಪನಿಕ ನರ್ಸುಗಳಿಗೆ ಮರಾಠಿಯ ಹೂವಿನ ಹೆಸರಿಟ್ಟಿದ್ದರು: ಗುಲಾಬ್, ಮೋಗ್ರಾ, ಚಂಪಾ, ಅಬೋಲಿ. ಅಬೋಲಿ ಎಂದರೆ ನಮ್ಮ ಕನಕಾಂಬರ. ಹೆಸರುಗಳು ಹಿರಿತನದ ಪ್ರಕಾರ, ಅಬೋಲಿ ಎಲ್ಲರಿಗಿಂತ ಹೊಸಬಳು. ಪ್ರಶ್ನೆ ಇಷ್ಟೇ: ಅಬೋಲಿ ರಜೆ ಹಾಕಿದರೆ ಬದಲಿ ಯಾರು? ಉತ್ತರದ ಫೈಲಿನಲ್ಲಿ ಚಂಪಾ ಎಂದಿತ್ತು. ಹೊಸ ಭಾಷೆಯಲ್ಲಿ ಓಡಿಸಿದರೆ ಬರುತ್ತಿದ್ದದ್ದು: ಬದಲಿ ಇಲ್ಲ. ಟೆಸ್ಟಿನ ತಲೆಯ ಮೇಲೆ ಆ ಮನುಷ್ಯ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿಟ್ಟಿದ್ದ. ಕೊನೆಯವಳಿಗೂ ಒಬ್ಬಳು ಸಿಗಬೇಕು ಎಂದು ಅದರರ್ಥ.

ಹನ್ನೆರಡು ದಿನ ತಲೆ ಕೆರೆದುಕೊಂಡೆ. ಪ್ರೋಗ್ರಾಂ ರಜೆ ಕೇಳಿದವಳ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ನೋಡಿ ಬಿಡುವಾಗಿರುವವಳನ್ನು ಹಾಕುತ್ತದೆ ಎಂದು ನಾನು ತಿಳಿದಿದ್ದೆ. ಅಬೋಲಿಯ ಕೆಳಗೆ ಯಾರಿದ್ದಾರೆ? ಯಾರೂ ಇಲ್ಲ. ಹಾಗಿದ್ದ ಮೇಲೆ ಬದಲಿ ಇಲ್ಲ ಎಂಬುದೇ ಸರಿಯಲ್ಲವೇ? ಹಳೆಯ ಮನುಷ್ಯನೇ ಉತ್ತರ ತಪ್ಪು ಬರೆದಿರಬೇಕು. ಹೀಗೆ ನನಗೆ ನಾನೇ ವಕೀಲಳಾದೆ. ಹಾಗಾದರೆ ಹಳೆಯ ಭಾಷೆಯಲ್ಲಿ ಇಷ್ಟು ವರ್ಷ ಚಂಪಾ ಎಲ್ಲಿಂದ ಬರುತ್ತಿದ್ದಳು ಎಂಬ ಪ್ರಶ್ನೆ ಬಾಗಿಲಲ್ಲಿ ನಿಂತು ಕೂಗುತ್ತಿತ್ತು. ಆ ಕಡೆ ತಿರುಗಿ ನೋಡಲಿಲ್ಲ. ಹಬ್ಬಕ್ಕೆ ಎರಡೇ ವಾರ ಉಳಿದಿತ್ತು.

ಒಂದು ಮಂಗಳವಾರ ಮಧ್ಯಾಹ್ನ ಉತ್ತರದ ಫೈಲು ತೆರೆದೆ. ಚಂಪಾಳನ್ನು ಅಳಿಸಿ ಬದಲಿ ಇಲ್ಲ ಎಂದು ಹೊಡೆದೆ. ಓಡಿಸಿದೆ. ಪ್ರಿಂಟರ್ ಒಂದೂ ನಕ್ಷತ್ರವಿಲ್ಲದ ಉದ್ದ ಕಾಗದವನ್ನು ಹೊರಗೆ ಹಾಕಿತು. ಪ್ರಶ್ನೆಗೆ ಸರಿಯಾಗಿ ಉತ್ತರ ಬರೆಯುವ ಬದಲು ಉತ್ತರಪತ್ರಿಕೆಯನ್ನೇ ತಿದ್ದಿ ಪಾಸಾದ ಹುಡುಗಿ ನಾನು.

ದೇಶಪಾಂಡೆ ಸರ್ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ನೋಡಿದರು. "ಎಲ್ಲಾ ಬರೊಬ್ಬರಿ ಐತಿ?"

"ಹೌದು ಸರ್" ಎಂದೆ.

"ಶಾಬಾಸ್. ಗೌರಿ ಹಬ್ಬಕ್ಕ ಮನ್ಯಾಗ ಇರು."

ಮುಂದಿನ ವಾರ ಹೊಸ ಕಂಪ್ಯೂಟರು ಆಸ್ಪತ್ರೆಯಲ್ಲಿ ಕೆಲಸ ಶುರುಮಾಡಿತು. ನನ್ನ ರೈಲು ಶನಿವಾರಕ್ಕೆ. ಗುರುವಾರ ಸಂಜೆ ಕೋಣೆಗೆ ಬಂದರೆ ಮೇಜಿನ ಮೇಲೆ ಐರಿನ್‌ಳ ಚೀಟಿ.

"ನನ್ನ ರಜೆಯ ಫಾರ್ಮ್ ವಾಪಸ್ ಬಂತು. ನಿಮ್ಮ ಹೊಸ ಮಿಷಿನ್ ಬದಲಿ ಇಲ್ಲ ಅಂತ ಪ್ರಿಂಟ್ ಮಾಡಿದೆಯಂತೆ. ಮೇಟ್ರನ್ ಹೇಳಿದ್ರು, ಮಿಷಿನ್ ಇಲ್ಲ ಅಂದ ಮೇಲೆ ನಾನು ಎಂತ ಮಾಡ್ಲಿ ಅಂತ. ಹಳೇ ಮಿಷಿನ್ ಇದ್ದಾಗ ಹೊಸಬರಿಗೂ ರಜೆ ಸಿಗ್ತಿತ್ತಂತೆ. ನನ್ನ ಹಣೆಬರಹ. ನೀನು ಹೋಗಿ ಬಾ."

ನರ್ಸುಗಳ ಪಟ್ಟಿಯಲ್ಲಿ ಕೊನೆಯ ಹೆಸರು ಯಾರದೆಂದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಅಬೋಲಿ ಎಂದು ಓದುತ್ತಾ ಹನ್ನೆರಡು ದಿನ ಕೂತವಳಿಗೆ, ಪಕ್ಕದ ಮಂಚದಲ್ಲಿ ಮಲಗುವವಳು ಒಂದು ಸಲವೂ ನೆನಪಿಗೆ ಬಂದಿರಲಿಲ್ಲ.

ಶುಕ್ರವಾರ ಒಂದು ಇಡೀ ದಿನ ನನ್ನ ಕೈಯಲ್ಲಿತ್ತು. ದೇಶಪಾಂಡೆ ಸರ್ ಹತ್ತಿರ ಹೋಗಿ ಹೇಳಬಹುದಿತ್ತು. ಹೇಳಿದರೆ ಟಿಕೆಟ್ ರದ್ದು, ಅಕ್ಕನ ಕೈ ಹಿಡಿಯುವವರು ಇಲ್ಲ. ನಾನು ಚೀಟಿಯ ಹಿಂಬದಿಗೆ ಬರೆದೆ: "ಅಯ್ಯೋ, ಹೀಗಾಗಬಾರದಿತ್ತು. ಮುಂದಿನ ತಿಂಗಳು ಖಂಡಿತ ಸಿಗುತ್ತದೆ ಬಿಡು." ಬರೆದು, ಅದರ ಮೇಲೆ ಪೆನ್ನು ಇಟ್ಟು, ಸೂಟ್‌ಕೇಸ್ ತುಂಬಿದೆ. ನನ್ನ ಜೀವಮಾನದಲ್ಲಿ ನಾನು ಬರೆದ ಅತ್ಯಂತ ನಾಚಿಕೆಗೇಡಿನ ಎರಡು ಸಾಲು ಅವು.

ಅಕ್ಕನಿಗೆ ಗೌರಿ ಹಬ್ಬದ ಮರುದಿನ ಹೆಣ್ಣು ಮಗುವಾಯಿತು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಅಷ್ಟು ಆಸೆಪಟ್ಟು ಬಂದ ಗಳಿಗೆ, ಸುಖವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ವಾರದ ಕೊನೆಯಲ್ಲಿ, ಮೊಂತಿ ಹಬ್ಬದ ದಿನ, ಮಗು ತನ್ನ ಪುಟ್ಟ ಬೆರಳುಗಳಿಂದ ನನ್ನ ಮುಖವನ್ನು ತಡವಿದಾಗ ನನಗೆ ತಡೆಯಲಾಗಲಿಲ್ಲ. ಅಕ್ಕ ಗಾಬರಿಯಾದಳು. "ಏನೇ ಇದು, ಬಾಣಂತಿ ನಾನು, ಅಳೋದು ನೀನಾ?" ಎಂದಳು. ಅವಳಿಗೂ ಹೇಳಲಿಲ್ಲ.

ಬೆಂಗಳೂರು ಕಚೇರಿ ನನ್ನನ್ನು ವಾಪಸು ಕರೆಸಿಕೊಂಡಿತ್ತು. ನಾನೇ ಹೋಗಿ ಬೊಂಬಾಯಿಗೆ ಮತ್ತೆ ಕಳಿಸಿ ಎಂದು ಕೇಳಿದೆ. ಅಲ್ಲಿಯವರಿಗೆ ನನ್ನ ತಲೆ ಕೆಟ್ಟಿದೆಯೆಂದೇ ಅನ್ನಿಸಿತು. ಸೆಪ್ಟೆಂಬರ್ ಮೂರನೆಯ ವಾರ, ಮಳೆ ಕಡಿಮೆಯಾಗಿ ಸೆಕೆ ಶುರುವಾದಾಗ, ವಡಾಲದ ಅದೇ ಕೋಣೆಯ ಬೀಗ ತೆಗೆದೆ. ನನ್ನ ಮಂಚ ಇನ್ನೂ ಖಾಲಿಯಿತ್ತು. ಮೇಜಿನ ಮೇಲೆ ಒಂದು ಅಂಚೆ ಕವರು, ಪಕ್ಕದಲ್ಲಿ ಚೀಟಿ.

"ನೀನು ಬರ್ತಿ ಅಂತ ವಾರ್ಡನ್ ಹೇಳಿದ್ರು. ಊರಿನಿಂದ ಕವರು ಬಂತು. ನಾಲ್ಕು ಕಾಳು ಇತ್ತು. ಎರಡು ನಾನು ತಿಂದೆ, ಎರಡು ನಿನ್ನ ಪಾಲು. ಇಲ್ಲಿ ನನಗೆ ಮನೆಯವರು ಅಂತ ನೀನೇ ಅಲ್ವಾ. ಹಾಲಿನಲ್ಲಿ ಹಾಕಿ ತಿನ್ನು."

ಕವರಿನೊಳಗೆ ಭತ್ತದ ಎರಡು ಕಾಳು. ಕಣ್ಣು ಕಾಣದ ಅಜ್ಜಿ ಮುಟ್ಟಿ ಆರಿಸಿದ್ದು. ಕೆಳಗಿನ ಮೆಸ್ಸಿನಿಂದ ಒಂದು ಲೋಟ ಹಾಲು ತಂದು, ಸಿಪ್ಪೆ ಸುಲಿದು, ಹಾಕಿ ಕುಡಿದೆ. ತಿನ್ನದೆ ಇರುವ ಧೈರ್ಯವೂ ನನಗಿರಲಿಲ್ಲ. ಆಮೇಲೆ ಆ ಖಾಲಿ ಕೋಣೆಯಲ್ಲಿ ಕುಳಿತು ಜೋರಾಗಿ ಅತ್ತೆ. ಈ ಸಲ ಪಕ್ಕದ ಕೋಣೆಯವರಿಗೆ ಕೇಳಿಸಿದರೂ ಚಿಂತೆಯಿರಲಿಲ್ಲ.

ಮರುದಿನ ಬೆಳಿಗ್ಗೆಯೇ ದೇಶಪಾಂಡೆ ಸರ್ ಎದುರು ನಿಂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಇಂಥಾದ್ದು ಎಲ್ಲಾರೂ ಮಾಡ್ತಾರ. ತಿರುಗಿ ಬಂದು ಹೇಳಾವ್ರು ಇಲ್ಲ" ಎಂದರು. "ಹೋಗು, ಚಪ್ಪಲ್ ಬಿಟ್ಟು ಒಳಗ ಕೂಡು. ಕಾರಣಾ ಸಿಗೂತನಾ ಏಳಬ್ಯಾಡ."

ಕಾರಣ ಎರಡು ದಿನದಲ್ಲಿ ಸಿಕ್ಕಿತು. ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂದು ಹೇಳುವ ಪುಸ್ತಕದಲ್ಲೇ ಇತ್ತು. ಜೂನ್ ತಿಂಗಳಲ್ಲಿ ಆ ಸಾಲಿನ ಕೆಳಗೆ ನಾನೇ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದೆ! ಎಳೆದದ್ದು ಕೈ, ಓದಿದ್ದು ಯಾರೂ ಅಲ್ಲ. ಪಟ್ಟಿಯಲ್ಲಿ ಹೆಸರುಗಳ ಜೋಡಿ ಹುಡುಕುವಾಗ ಎರಡು ಎಣಿಕೆಗಳು ಒಂದರೊಳಗೊಂದು ಸುತ್ತುತ್ತವೆ: ಹೊರಗಿನದು ರಜೆ ಕೇಳಿದವಳದ್ದು, ಒಳಗಿನದು ಬದಲಿಯದ್ದು. ಹಳೆಯ ಭಾಷೆ ಮುಂದಿನ ಹೆಸರಿಗೆ ಹೋಗುವ ಮೊದಲೇ ಒಳಗಿನ ಎಣಿಕೆಯನ್ನು ಆಗಿದ್ದ ಹೆಸರಿನ ಮೇಲೆಯೇ ಮರಳಿ ಇಡುತ್ತಿತ್ತು. ಹಾಗಾಗಿ ಹುಡುಕಾಟ ಪ್ರತಿ ಸಲವೂ ಒಂದು ಹೆಸರು ಮೇಲಿನಿಂದ ಶುರುವಾಗುತ್ತಿತ್ತು. ಅಬೋಲಿಯ ಸರದಿ ಬಂದಾಗ ಅದು ಚಂಪಾಳನ್ನು ಒಮ್ಮೆ ಕೇಳಿ ನೋಡುತ್ತಿತ್ತು. ಹೊಸ ಭಾಷೆ ಆ ಕ್ರಮವನ್ನು ತಿರುಗಿಸಿತ್ತು. ಮೊದಲು ಮುಂದೆ ಹೆಜ್ಜೆ, ಆಮೇಲೆ ಹುಡುಕಾಟ. ಹಿಂದೆ ಇರುವವರನ್ನು ಅದು ಕೇಳುವುದೇ ಇಲ್ಲ. ಹಳೆಯ ಮನುಷ್ಯನಿಗೆ ಇದು ತಿಳಿದಿತ್ತು, ಅದಕ್ಕೇ ಆ ಟೆಸ್ಟನ್ನು ಕಾವಲಿಗೆ ಕೂರಿಸಿ ಹೋಗಿದ್ದ. ಕಾವಲಿನವನ ಬಾಯಿ ಮುಚ್ಚಿಸಿದವಳು ನಾನು.

ಉತ್ತರದ ಫೈಲಿಗೆ ಚಂಪಾಳನ್ನು ಮರಳಿ ತಂದೆ. ಮೇಲಿನ ಹೆಸರನ್ನೂ ನೋಡು ಎಂದು ಪ್ರೋಗ್ರಾಮಿನಲ್ಲಿ ಬಾಯಿಬಿಟ್ಟು ಹೇಳುವ ಸಾಲು ಸೇರಿಸಿದೆ. ನಕ್ಷತ್ರ ಹೋಯಿತು, ಈ ಸಲ ನಿಜವಾಗಿ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ತಿದ್ದಿದ ಪ್ರೋಗ್ರಾಂ ಆಸ್ಪತ್ರೆ ಸೇರಿತು.

ಇನ್ನು ಐರಿನ್‌ಗೆ ಹೇಳುವುದೊಂದೇ ಬಾಕಿ. ಪ್ರತಿದಿನ ಸಂಜೆ ಬರೆಯುತ್ತಿದ್ದೆ, ಪ್ರತಿದಿನ ಬೆಳಿಗ್ಗೆ ಹರಿಯುತ್ತಿದ್ದೆ. ಎದುರಿಗೇ ಹೇಳೋಣ, ಭಾನುವಾರ ಅವಳಿಗೆ ಬಿಡುವಿದೆ, ಬನ್ಸ್ ತಿನ್ನಿಸಿ ಹೇಳೋಣ ಎಂದುಕೊಂಡೆ. ಅಕ್ಟೋಬರಿನ ಆ ಮೊದಲ ಭಾನುವಾರಕ್ಕೆ ಮೂರು ದಿನವಿರುವಾಗ ಸಂಜೆ ಬಂದರೆ ಅವಳ ಹಗ್ಗ ಖಾಲಿ, ಕಿಟಕಿಯ ಶಿಲುಬೆ ಇಲ್ಲ. ಮೇಜಿನ ಮೇಲೆ ಅವಸರದ ಅಕ್ಷರ.

"ವತ್ಸಲಾ, ಅಜ್ಜಿ ಹೋದ್ರು. ಟೆಲಿಗ್ರಾಂ ಬಂತು. ಮಧ್ಯಾಹ್ನದ ಬಸ್ಸಿಗೆ ಹೋಗ್ತಿದ್ದೇನೆ. ಈ ಸಲ ನಿನ್ನ ಮಿಷಿನ್ ಕೂಡಲೇ ಬದಲಿ ಕೊಟ್ಟಿತು, ಒಂದು ನಿಮಿಷ ಆಗ್ಲಿಲ್ಲ. ನೀನೇ ಏನೋ ಸರಿ ಮಾಡಿದ್ದು ಅಂತ ಮೇಟ್ರನ್ ಹೇಳಿದ್ರು. ದೇವರು ನಿನಗೆ ಒಳ್ಳೆಯದು ಮಾಡ್ಲಿ."

ಐರಿನ್ ಮತ್ತೆ ಬರಲಿಲ್ಲ. ಊರಿನ ಹತ್ತಿರವೇ ಯಾವುದೋ ಆಸ್ಪತ್ರೆಗೆ ಸೇರಿದಳೆಂದು ಯಾರೋ ಹೇಳಿದರು. ವಿಳಾಸ ವಾರ್ಡನ್ ಬಳಿ ಇತ್ತು. ನಾನು ಕೇಳಲಿಲ್ಲ. ನವೆಂಬರಿನಲ್ಲಿ ನಾನೂ ಬೊಂಬಾಯಿ ಬಿಟ್ಟೆ.

ಅಂದು ಸಾಂತಾಕ್ರೂಜ್‌ನಿಂದ ವಾಪಸಾದ ಮೇಲೆ ಹಳೆಯ ಕಾಗದಗಳ ಡಬ್ಬಿಯಲ್ಲಿ ಐರಿನ್‌ಳ ಆ ಕೊನೆಯ ಚೀಟಿಯನ್ನು ಹುಡುಕಿ ತೆಗೆದೆ. ಶಾಯಿ ಕಂದಾಗಿದೆ, ಅಂಚಿನ ತೂತುಗಳು ಹಾಗೇ ಇವೆ. ನಾವು ಯಾವಾಗಲೂ ಉತ್ತರವನ್ನು ಅದೇ ಚೀಟಿಯ ಹಿಂಬದಿಗೆ ಬರೆಯುತ್ತಿದ್ದೆವು. ತಿರುಗಿಸಿ ನೋಡಿದೆ. ಅದು ಇನ್ನೂ ಖಾಲಿಯಾಗಿಯೇ ಇದೆ.